ಎರಡೆಳೆಯ ಜೀನ್: ಟ್ರಾನ್ಸ್-ಸ್ಪ್ಲೈಸಿಂಗ್‌ನ ಇತಿಹಾಸ

ಬೇರೆ ಬೇರೆಯಾಗಿ ಹುಟ್ಟಿದ ಎರಡು ಆರ್‌ಎನ್‌ಎಗಳ ತುಂಡುಗಳನ್ನು ಬೆಸೆದು ಒಂದೇ ಸಂದೇಶವಾಗಿಸುವ ಕ್ರಿಯೆಗೆ ಟ್ರಾನ್ಸ್-ಸ್ಪ್ಲೈಸಿಂಗ್ ಎಂದು ಹೆಸರು. ಆ ತುಂಡುಗಳು ಡಿಎನ್‌ಎಯ ಎದುರುಬದುರು ಎಳೆಗಳಿಂದಲೂ ಬರಬಹುದು. ಆಗ ಒಂದು ಪ್ರೋಟೀನಿನ ಅರ್ಧ ಬರಹ ಒಂದು ಎಳೆಯಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಇರುತ್ತದೆ.

1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಮುಂದಿಟ್ಟ ರಚನೆಯಲ್ಲೇ ಈ ಎಳೆಗಳು ವಿರುದ್ಧ ದಿಕ್ಕಿಗೆ ಸಾಗುತ್ತಿದ್ದವು. ಜೀವಕೋಶ ಓದುವುದು ಯಾವುದನ್ನು? ಬ್ಯಾಕ್ಟೀರಿಯಾಗಳಿಗೆ ತಗಲುವ ಲ್ಯಾಂಬ್ಡಾ ವೈರಸ್‌ನಲ್ಲಿ ಕೆಲವು ಜೀನ್‌ಗಳನ್ನು ಒಂದು ಎಳೆಯಿಂದಲೂ ಉಳಿದವನ್ನು ಇನ್ನೊಂದರಿಂದಲೂ ಓದಲಾಗುತ್ತದೆ ಎಂದು 1967ರಲ್ಲಿ ಶಿಬಾಲ್ಸ್ಕಿಯವರ ತಂಡ ತೋರಿಸಿತು. ಆದರೂ ಒಂದೊಂದು ಜೀನ್ ಇಡಿಯಾಗಿ ಒಂದೇ ಎಳೆಯ ಮೇಲಿರುತ್ತದೆ ಎಂಬ ನಂಬಿಕೆ ಅಲುಗಲಿಲ್ಲ. 1977ರಲ್ಲಿ ಶಾರ್ಪ್ ಮತ್ತು ರಾಬರ್ಟ್ಸ್ ಅವರ ತಂಡಗಳು ಜೀನ್‌ಗಳ ಒಳಗೇ ಕತ್ತರಿಸಿ ಎಸೆಯುವ ಭಾಗಗಳಿವೆಯೆಂದು, ಅಂದರೆ ಇಂಟ್ರಾನ್‌ಗಳಿವೆಯೆಂದು, ಕಂಡುಕೊಂಡ ಮೇಲೂ ಅದು ಉಳಿದುಕೊಂಡಿತು.

ಅದನ್ನು ಕದಲಿಸಿದ್ದು ತೇವದ ನೆಲದಲ್ಲಿ ಹಬ್ಬುವ ಮಾರ್ಕಾಂಷಿಯ ಎಂಬ ಪುಟ್ಟ ಸಸ್ಯ. 1986ರಲ್ಲಿ ಜಪಾನಿನ ಓಹ್ಯಾಮ ಮತ್ತು ಸಂಗಡಿಗರು ಅದರ ಕ್ಲೋರೋಪ್ಲಾಸ್ಟ್‌ನ 1,21,024 ಅಕ್ಷರಜೋಡಿಗಳ ಡಿಎನ್‌ಎಯನ್ನು ಪೂರ್ತಿ ಓದಿದರು. ರೈಬೋಸೋಮಿನ ಎಸ್12 ಪ್ರೋಟೀನಿಗೆ ಬೇಕಾದ ಬರಹ ಅಲ್ಲಿ ಒಂದೆಡೆ ಸಿಗಲಿಲ್ಲ. ಅದರ ಭಾಗಗಳು ಬಹುದೂರದಲ್ಲಿ, ಅದೂ ಬೇರೆ ಬೇರೆ ಎಳೆಗಳ ಮೇಲಿದ್ದವು. ನಡುವಿನ ಇಂಟ್ರಾನ್ ಕೂಡ ಎರಡು ಹೋಳಾಗಿ, ಪ್ರತಿ ಆರ್‌ಎನ್‌ಎಯ ತುದಿಗೂ ಒಂದೊಂದು ಹೋಳು ಅಂಟಿಕೊಂಡಿರುತ್ತದೆ. ಈ ಹೋಳುಗಳು ಪರಸ್ಪರ ಹೆಣೆದುಕೊಂಡು ಇಡೀ ಇಂಟ್ರಾನಿನ ಆಕಾರ ತಾಳುತ್ತವೆ. ಅದು ಕಳಚಿಬೀಳುವಾಗ ಪ್ರೋಟೀನಿನ ಬರಹದ ತುಂಡುಗಳು ಒಂದಾಗುತ್ತವೆ. ತಂಬಾಕಿನಲ್ಲೂ ಎಸ್12 ಇಂಥ ಬೆಸುಗೆಯಿಂದಲೇ ಬರುತ್ತದೆ.

ಕ್ಲೋರೋಪ್ಲಾಸ್ಟ್‌ನ ಪುರಾತನ ವಿಶೇಷವೆಂದು ಇದನ್ನು ಬದಿಗಿಡಬಹುದಿತ್ತು. 2001ರಲ್ಲಿ ಹಣ್ಣುನೊಣ ಆ ದಾರಿಯನ್ನೂ ಮುಚ್ಚಿತು. ಡ್ರೊಸೊಫಿಲ ಎಂಬ ಈ ನೊಣದ ಮಾಡ್-ಎಂಡಿಜಿ4 ಜೀನ್ ಹಲವು ಬಗೆಯ ಪ್ರೋಟೀನುಗಳನ್ನು ಕೊಡುತ್ತದೆ. ಎಲ್ಲದರ ಆರಂಭದ 402 ಅಮೈನೋ ಆಮ್ಲಗಳು ಒಂದೇ, ಬಾಲ ಮಾತ್ರ ಬೇರೆ. ಕೆಲವು ಬಾಲಗಳ ಬರಹ ಎದುರಿನ ಎಳೆಯಲ್ಲಿದೆ ಎಂದು ಅಮೆರಿಕದ ಕೋರ್ಸಸ್ ಅವರ ತಂಡ ವರದಿ ಮಾಡಿತು. ಅದೇ ವರ್ಷ ಜರ್ಮನಿಯ ಡಾರ್ನ್ ಮತ್ತು ರಾಯ್ಟರ್ ಅವರ ತಂಡ ಅಂಥ ಕನಿಷ್ಠ ಏಳು ಪ್ರೋಟೀನುಗಳನ್ನು ಗುರುತಿಸಿತು.

ಜರ್ಮನ್ ತಂಡದ ಪ್ರಯೋಗ ಈ ಇತಿಹಾಸದಲ್ಲೇ ಅತ್ಯಂತ ಸೊಗಸಾದದ್ದು. ಜೀನಿನ ಭಾಗಗಳನ್ನು ಬೇರ್ಪಡಿಸಿ ಕ್ರೋಮೋಸೋಮುಗಳ ದೂರದ ತಾಣಗಳಲ್ಲಿ ಸೇರಿಸಲಾಯಿತು. ಆದರೂ ಅವುಗಳ ಆರ್‌ಎನ್‌ಎಗಳು ಒಂದನ್ನೊಂದು ಹುಡುಕಿಕೊಂಡು ಬೆಸೆದುಕೊಂಡವು. ಹೀಗೆ ಚದುರಿದ್ದನ್ನು ಕೂಡಿಸುವ ಕೆಲಸ ನಡೆಯುವುದು ಆರ್‌ಎನ್‌ಎಯಲ್ಲೇ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಜೀನೋಮ್ ಓದುವವರಿಗೆ ಇದು ಎಚ್ಚರಿಕೆಯೂ ಆಯಿತು. ಒಂದು ಎಳೆಯ ಉದ್ದಕ್ಕೂ ಜೀನ್ ಹುಡುಕುವ ಕಂಪ್ಯೂಟರಿಗೆ ಇಂಥ ಬರಹ ಎರಡು ಅಪೂರ್ಣ ಜೀನ್‌ಗಳಂತೆ ತೋರುತ್ತದೆ. ಭೇದಿ ತರುವ ಜಿಯಾರ್ಡಿಯಾ ಪರಾವಲಂಬಿಯ ಎಚ್‌ಎಸ್‌ಪಿ90 ಪ್ರೋಟೀನಿನ ಬರಹವೂ ಹೀಗೆಯೇ ಜೀನೋಮಿನಲ್ಲಿ ಬಲು ದೂರದ ಎರಡು ತುಂಡುಗಳಾಗಿ ಕಂಡಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ಪಲ್ ತಾತು ಅವರ ತಂಡ ಆ ತುಂಡುಗಳ ಆರ್‌ಎನ್‌ಎಗಳು ಟ್ರಾನ್ಸ್-ಸ್ಪ್ಲೈಸಿಂಗ್‌ನಿಂದ ಕೂಡಿ ಪೂರ್ಣ ಪ್ರೋಟೀನನ್ನು ಕೊಡುತ್ತವೆ ಎಂದು 2011ರಲ್ಲಿ ಪ್ರಕಟಿಸಿತು.