ಸ್ವಾಮ್ಯದ ಸುತ್ತ

ಪುಸ್ತಕದ ಒಳಪುಟದ ‘ಹಕ್ಕುಸ್ವಾಮ್ಯ’ಕ್ಕೆ ತವರು ಎರಡು: ಅರಬ್ಬಿಯಲ್ಲಿ ಹುಟ್ಟಿ ಪಾರಸಿ, ಉರ್ದುಗಳನ್ನು ಹಾದು ಬಂದ ‘ಹಕ್ಕು’ ಮುಂದೆ, ಸಂಸ್ಕೃತದ ‘ಸ್ವಾಮ್ಯ’ ಹಿಂದೆ. ವೈಯಾಕರಣರು ಅರಿಸಮಾಸವೆಂದು ಆಕ್ಷೇಪಿಸಬಹುದು. ಕನ್ನಡದ ಕಿವಿಗಂತೂ ಅದು ಒಗ್ಗಿದೆ. ‘ಗ್ರಂಥಸ್ವಾಮ್ಯ’, ‘ಕೃತಿಸ್ವಾಮ್ಯ’ ಅದರ ಒಡಹುಟ್ಟುಗಳು, ‘ಏಕಸ್ವಾಮ್ಯ’ ದಾಯಾದಿ.

‘ಸ್ವ’ ಎಂದರೆ ತನ್ನದು. ಅದರಿಂದ ‘ಸ್ವತ್ವ’, ಅದು ಸವೆದು ನಮ್ಮ ‘ಸ್ವತ್ತು’. ‘ಸ್ವಾಮಿ’ಯನ್ನು ಪಾಣಿನಿ ಐಶ್ವರ್ಯದ ಅರ್ಥದಲ್ಲಿ ಸಾಧಿಸಿದ, ಅಲ್ಲಿನ ಐಶ್ವರ್ಯವೆಂದರೆ ಈಶನಾಗಿರುವಿಕೆ, ಸಿರಿಯಲ್ಲ. ದೇವರನ್ನೂ ಗುರುವನ್ನೂ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರನ್ನೂ ‘ಸ್ವಾಮಿ’ ಎಂದು ಕರೆದು ನಾವು ಆ ಪದದಿಂದ ಒಡೆತನವನ್ನು ಕಳಚಿದೆವು. ‘ಸ್ವಾಮ್ಯ’ ಮಾತ್ರ ಅದನ್ನು ಬಿಡಲಿಲ್ಲ.

ವಿಜಯನಗರ ಕಾಲದ ದಾನಶಾಸನಗಳಲ್ಲಿ ಅದು ‘ಅಷ್ಟಭೋಗತೇಜಸ್ವಾಮ್ಯ’ವಾಗಿ ಮೈದುಂಬಿಕೊಳ್ಳುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ‘ಸಿದ್ಧ’ವೆಂದರೆ ಈಗಾಗಲೇ ಒದಗಿರುವುದು, ‘ಸಾಧ್ಯ’ವೆಂದರೆ ಮುಂದೆ ಒದಗಬಹುದಾದದ್ದು. ಎಷ್ಟು ಸೂಕ್ಷ್ಮ! ಇಲ್ಲಿ ಸ್ವಾಮ್ಯ ಅಖಂಡ ದೈವದತ್ತವಲ್ಲ. ಎಣಿಸಿ, ಹೆಸರಿಟ್ಟು ಕೊಟ್ಟ ಭೋಗಗಳ ಕಟ್ಟು. 1957ರ ಹಕ್ಕುಸ್ವಾಮ್ಯ ಕಾಯಿದೆಯೂ ಪ್ರತಿ ಮಾಡುವುದು, ಪ್ರಕಟಿಸುವುದು, ಪ್ರದರ್ಶಿಸುವುದು, ಅನುವಾದಿಸುವುದು ಎಂದು ಹೀಗೆಯೇ ಎಣಿಸುತ್ತದೆ, ಆಮೇಲೆ 52ನೇ ಕಲಮಿನಲ್ಲಿ ಆ ಎಣಿಕೆಗೆ ಎಲ್ಲೆ ಹಾಕುತ್ತದೆ.

ಆ ಎಲ್ಲೆಯನ್ನೇ ತಮ್ಮ ವಿದ್ವತ್ತಿನ ನೆಲೆ ಮಾಡಿಕೊಂಡವರು ಶಮ್ನಾದ್ ಬಷೀರ್. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಓದಿ, ಕೋಲ್ಕತ್ತದಲ್ಲಿ ಕಲಿಸಿ, ಬಡಮಕ್ಕಳಿಗೆ ಕಾನೂನು ಶಾಲೆಗಳ ಬಾಗಿಲು ತೆರೆಯಲು 2010ರಲ್ಲಿ ‘ಐಡಿಯಾ’ ಸಂಸ್ಥೆ ಕಟ್ಟಿ, ಔಷಧ ಕಂಪನಿ ನೋವಾರ್ಟಿಸ್‌ನ ಪೇಟೆಂಟ್ ಮೊಕದ್ದಮೆಯಲ್ಲಿ ಯಾರ ಕಕ್ಷಿಯೂ ಆಗದೆ ಅಧ್ಯಾಪಕನಾಗಿಯೇ ಸುಪ್ರೀಂ ಕೋರ್ಟಿನ ಮುಂದೆ ನಿಂತವರು; 2014ರ ಇನ್ಫೋಸಿಸ್ ಪ್ರಶಸ್ತಿ ಅವರಿಗೆ ಮಾನವಿಕ ವಿಭಾಗದಲ್ಲಿ ಬಂದದ್ದು ನನಗೆ ಬಹಳ ಸರಿಯೆನಿಸುತ್ತದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ದಾವೆ ಹೂಡಿದಾಗ ಬಷೀರ್ ವಿದ್ಯಾರ್ಥಿಗಳ ಪರ ನಿಂತರು. 2016ರ ತೀರ್ಪು ಹಕ್ಕುಸ್ವಾಮ್ಯ ದೈವದತ್ತವೂ ಅಲ್ಲ, ನಿಸರ್ಗಸಿದ್ಧವೂ ಅಲ್ಲ ಎಂದಿತು. ಶಾಸನಗಳನ್ನು ಓದಿದ ನಮಗೆ ಅದು ಹಳೆಯ ಮಾತು.

ಶಾಸನದ ಸ್ವಾಮ್ಯ ಭೋಗವನ್ನು ಬಿಟ್ಟಿರುವುದಿಲ್ಲ. ಅನುಭೋಗಿಸದೆ ಬೀಗ ಹಾಕಿಟ್ಟ ಪೇಟೆಂಟನ್ನು ಏನೆನ್ನಬೇಕು? 2015ರಲ್ಲಿ ಬಷೀರ್ ದೆಹಲಿ ಹೈಕೋರ್ಟಿಗೆ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ತಿರುಳು ಇದೇ: ಆವಿಷ್ಕಾರವನ್ನು ದೇಶದಲ್ಲಿ ಹೇಗೆ ಬಳಕೆಗೆ ತಂದಿರಿ ಎಂಬ ಲೆಕ್ಕವನ್ನು ಪೇಟೆಂಟುದಾರರು 27ನೇ ನಮೂನೆಯಲ್ಲಿ ಒಪ್ಪಿಸಲೇಬೇಕು, ಒಪ್ಪಿಸದವರ ಮೇಲೆ ಸರ್ಕಾರ ಕ್ರಮ ಕೈಗೊಳ್ಳಬೇಕು. 2019ರ ಆಗಸ್ಟಿನಲ್ಲಿ, 43ರ ಹರೆಯದಲ್ಲಿ, ಚಿಕ್ಕಮಗಳೂರಿನ ಬೆಟ್ಟಸೀಮೆಯಲ್ಲಿ ಅವರು ತೀರಿಕೊಂಡರು. ಮರುವರ್ಷ ನಮೂನೆ ಪರಿಷ್ಕೃತವಾಯಿತು. ಆದರೆ ಅದು ಕೇಳುವ ವಿವರಗಳು ಮೊದಲಿಗಿಂತ ಕಡಿಮೆಯಾದವು.