ಲೀಟಾ ಹಾಲಿಂಗ್‌ವರ್ತ್ ಅಳೆದ ಮಕ್ಕಳು

1908ರಲ್ಲಿ ಲೀಟಾ ಸ್ಟೆಟ್ಟರ್ ನೆಬ್ರಾಸ್ಕದಿಂದ ನ್ಯೂಯಾರ್ಕಿಗೆ ಬಂದಾಗ ಆಕೆಗೆ 22 ವರ್ಷ. ಕೈಯಲ್ಲಿ ಪದವಿಯಿತ್ತು, ಹೈಸ್ಕೂಲಿನಲ್ಲಿ ಪಾಠ ಹೇಳಿದ ಅನುಭವವಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ಹ್ಯಾರಿ ಹಾಲಿಂಗ್‌ವರ್ತ್ ಅವರನ್ನು ಆ ವರ್ಷದ ಕೊನೆಯ ದಿನ ಮದುವೆಯಾದರು. ಇಬ್ಬರೂ ದುಡಿದು ಸಂಸಾರ ತೂಗಿಸುವ ಲೆಕ್ಕ ಅಲ್ಲಿಗೇ ತಪ್ಪಿತು. ನ್ಯೂಯಾರ್ಕಿನ ಸರ್ಕಾರಿ ಶಾಲೆಗಳು ಮದುವೆಯಾದ ಹೆಂಗಸರಿಗೆ ಪಾಠ ಹೇಳುವ ಕೆಲಸ ಕೊಡುತ್ತಿರಲಿಲ್ಲ. ಮನೆಯಲ್ಲಿ ಕೂತು ಬರೆದ ಕಥೆಗಳನ್ನು ಯಾವ ಪತ್ರಿಕೆಯೂ ಕೊಳ್ಳಲಿಲ್ಲ.

ದಾರಿ ತೆರೆದದ್ದು ಕೋಕಾ-ಕೋಲಾ. ಕೆಫೀನ್ ಸೇರಿಸಿದ್ದಕ್ಕೆ ಅಮೆರಿಕ ಸರ್ಕಾರ ಆ ಕಂಪನಿಯ ಮೇಲೆ ಮೊಕದ್ದಮೆ ಹೂಡಿತ್ತು. ಕೆಫೀನು ಮನಸ್ಸಿನ ಕೆಲಸದ ಮೇಲೆ ಏನು ಮಾಡುತ್ತದೆ ಎಂದು ಪರೀಕ್ಷಿಸಲು ಕಂಪನಿ 1911ರಲ್ಲಿ ಹ್ಯಾರಿಯವರನ್ನು ಗೊತ್ತುಮಾಡಿತು. ಪ್ರಯೋಗಗಳ ಉಸ್ತುವಾರಿಗೆ ಲೀಟಾ ನಿಂತರು. ಆ ಹಣದಿಂದ ಆಕೆ ಕೊಲಂಬಿಯಾದಲ್ಲಿ ಓದು ಮುಂದುವರಿಸಿದರು.

1913ರ ಹೊತ್ತಿಗೆ ಬುದ್ಧಿಮಾಂದ್ಯರೆಂದು ಶಂಕಿಸಲಾದವರನ್ನು ಪರೀಕ್ಷಿಸುವ ನಗರದ ಕೇಂದ್ರವೊಂದರಲ್ಲಿ ಬಿನೆ ಪರೀಕ್ಷೆ ನಡೆಸುವ ಕೆಲಸ ಸಿಕ್ಕಿತು. ಗಂಡಸರ ಬುದ್ಧಿ ಹೆಂಗಸರದಕ್ಕಿಂತ ಹೆಚ್ಚು ಹರಡಿಕೊಂಡಿರುತ್ತದೆ, ಆದ್ದರಿಂದ ಮಹಾಮೇಧಾವಿಗಳೂ ಅವರಲ್ಲೇ ಹೆಚ್ಚು, ಮಂದಮತಿಗಳೂ ಅವರಲ್ಲೇ ಹೆಚ್ಚು ಎನ್ನುವುದು ಆಗಿನ ವಿದ್ವಾಂಸರ ನಂಬಿಕೆ. ಆಶ್ರಮಗಳಲ್ಲಿ ಗಂಡಸರೇ ಹೆಚ್ಚಿದ್ದರಲ್ಲ, ಅದೇ ಪುರಾವೆ. ಲೀಟಾ 1,000 ಪ್ರಕರಣಗಳನ್ನು ಬಿಡಿಸಿ ನೋಡಿದರು. ಗಂಡು ಮಕ್ಕಳು ಚಿಕ್ಕ ವಯಸ್ಸಿನಲ್ಲೇ ಬರುತ್ತಿದ್ದರು. ಹೆಂಗಸರು ಬರುವಾಗ ಅವರಿಗೆ ಸಾಕಷ್ಟು ವಯಸ್ಸಾಗಿರುತ್ತಿತ್ತು. ಕಾರಣ ಬುದ್ಧಿಯಲ್ಲಿರಲಿಲ್ಲ, ಮನೆಯಲ್ಲಿತ್ತು. ಹುಡುಗ ಹೊರಗೆ ಹೋಗಿ ಸಂಪಾದಿಸಬೇಕು, ಸೋತರೆ ಊರಿಗೆಲ್ಲ ತಿಳಿಯುತ್ತದೆ. ಹುಡುಗಿ ಪಾತ್ರೆ ತೊಳೆದುಕೊಂಡು, ಕೂಸು ಆಡಿಸಿಕೊಂಡು ಮನೆಯಲ್ಲೇ ಇದ್ದರೆ ಆಕೆಯ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಲೆಕ್ಕದ ಪುಸ್ತಕಕ್ಕೆ ಯಾರು ಬರುತ್ತಾರೆ, ಯಾರು ಬರುವುದೇ ಇಲ್ಲ ಎಂದು ಕೇಳಿದ್ದೇ ಆಕೆಯ ಜಾಣತನ. ಮುಂದಿನ ವರ್ಷ ಹೆಲೆನ್ ಮಾಂಟಗ್ಯೂ ಜೊತೆ 2,000 ನವಜಾತ ಶಿಶುಗಳ ಅಳತೆಗಳನ್ನು ಪರಿಶೀಲಿಸಿದಾಗಲೂ ಗಂಡು ಶಿಶುಗಳಲ್ಲಿ ಆ ಹೆಚ್ಚಿನ ಹರಹು ಕಾಣಲಿಲ್ಲ.

ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯ ಇನ್ನೂ ಇರಿಸುಮುರಿಸಿನದು: ಮುಟ್ಟಿನ ದಿನಗಳಲ್ಲಿ ಹೆಂಗಸರ ಬುದ್ಧಿ, ಕೈಚಳಕ ಕುಗ್ಗುತ್ತದೆಯೇ? 23 ಹೆಂಗಸರು ಮತ್ತು ಇಬ್ಬರು ಗಂಡಸರ ಮೇಲೆ ಮತ್ತೆ ಮತ್ತೆ ಪರೀಕ್ಷೆ ಮಾಡಿದರು. ಕುಗ್ಗುವುದು ಕಾಣಲಿಲ್ಲ. ಮಾರ್ಗದರ್ಶಕರು ಎಡ್ವರ್ಡ್ ಥಾರ್ನ್‌ಡೈಕ್. ಗಂಡಸರ ಬುದ್ಧಿಯ ಹರಹೇ ಹೆಚ್ಚೆಂದು ವಾದಿಸಿದವರಲ್ಲಿ ಅವರೂ ಒಬ್ಬರು. ಶಿಷ್ಯೆ ಗುರುವಿನ ಮಾತಿಗೇ ಪುರಾವೆ ಕೇಳಿದಂತಾಯಿತು. ಆದರೂ 1916ರಲ್ಲಿ ಆಕೆ ಕೊಲಂಬಿಯಾದ ಟೀಚರ್ಸ್ ಕಾಲೇಜಿನಲ್ಲೇ ಅಧ್ಯಾಪಕಿಯಾದರು.

ಅದೇ ವರ್ಷ ತರಗತಿಯಲ್ಲಿ ಬಿನೆ ಪರೀಕ್ಷೆ ಹೇಗೆ ನಡೆಸಬೇಕೆಂದು ತೋರಿಸಲು ಎಂಟು ವರ್ಷದ ಹುಡುಗನೊಬ್ಬನನ್ನು ಕರೆಸಿದ್ದರು. ಅವನ ಬುದ್ಧಿಸೂಚ್ಯಂಕ 187 ಬಂತು. ಅಲ್ಲಿಯವರೆಗೆ ಹಿಂದುಳಿದ ಮಕ್ಕಳ ಬಗ್ಗೆಯೇ ಕೆಲಸ ಮಾಡಿದ್ದ ಲೀಟಾ ಇಂಥ ಮಕ್ಕಳನ್ನೂ ಹುಡುಕತೊಡಗಿದರು. ಹಳೆಯದನ್ನೇನೂ ಬಿಡಲಿಲ್ಲ, ಬುದ್ಧಿಮಾಂದ್ಯ ಮಕ್ಕಳ ಮನಶ್ಶಾಸ್ತ್ರದ ಪುಸ್ತಕ 1920ರಲ್ಲಿ ಬಂತು, ಪ್ರತಿಭಾವಂತ ಮಕ್ಕಳದ್ದು 1926ರಲ್ಲಿ.

ಕ್ಯಾಲಿಫೋರ್ನಿಯಾದ ಲೂಯಿಸ್ ಟರ್ಮನ್ ಸಾವಿರಕ್ಕೂ ಮಿಕ್ಕಿ ಜಾಣ ಮಕ್ಕಳ ಪಟ್ಟಿ ಮಾಡುತ್ತಿದ್ದರು. ಲೀಟಾ ಮಾಡಿದ್ದು ಬೇರೆ. 1922ರಲ್ಲಿ ನ್ಯೂಯಾರ್ಕಿನ ಪಬ್ಲಿಕ್ ಸ್ಕೂಲ್ 165ರಲ್ಲಿ ಸುಮಾರು 50 ಮಕ್ಕಳನ್ನು ಕೂರಿಸಿಕೊಂಡು, ಅವರಿಗೆ ಏನು ಕಲಿಸಬೇಕು ಎಂದು ನೋಡಿದರು. ಸೂಚ್ಯಂಕ 140 ಇರುವ ಮಗು ಸಾಮಾನ್ಯ ತರಗತಿಯಲ್ಲಿ ಅರ್ಧ ಹೊತ್ತು ಸುಮ್ಮನೆ ಕಳೆಯುತ್ತದೆ, 170 ಇದ್ದರೆ ಹೆಚ್ಚೂ ಕಡಿಮೆ ಇಡೀ ಹೊತ್ತು ಎಂಬುದು ಆಕೆಯ ಅಂದಾಜು. 1936ರಲ್ಲಿ ಶುರುವಾದ ಸ್ಪೇಯರ್ ಶಾಲೆಯಲ್ಲಿ ನಿಧಾನವಾಗಿ ಕಲಿಯುವವರಿಗೂ ಬೇಗ ಕಲಿಯುವವರಿಗೂ ಒಂದೇ ಕಟ್ಟಡ. ಚುರುಕು ಮಕ್ಕಳಿಗೆ ಮೇಲಿನ ತರಗತಿಯ ಗಣಿತ ತುರುಕಲಿಲ್ಲ. ಊಟ, ಬಟ್ಟೆ, ಮನೆ, ಗಾಡಿ ಮುಂತಾದ ದಿನನಿತ್ಯದ ವಸ್ತುಗಳು ಹೇಗೆ ಬೆಳೆದು ಬಂದವು ಎಂದು ತಾವೇ ಹುಡುಕಿ ಬರೆಯಲು ಹಚ್ಚಿದರು. ತುಂಬ ಬುದ್ಧಿಯಿರುವ ಮಗುವಿಗೆ ಜೊತೆಗಾರರೇ ಸಿಗುವುದಿಲ್ಲ, ದಡ್ಡರ ಜೊತೆ ಸಹನೆಯಿಂದ ಇರುವುದನ್ನೂ ಅದು ಕಲಿಯಬೇಕು ಎಂದು ಬರೆದವರು ಆಕೆ. ಈಗಿನ ರ‍್ಯಾಂಕ್ ಕೋಚಿಂಗಿಗೂ ಇದಕ್ಕೂ ಎಷ್ಟು ದೂರ!

ಆದರೆ ಒಂದು ಮಾತು ಹೇಳದೆ ಬಿಡುವಂತಿಲ್ಲ. ಹೆಣ್ಣಿನ ವಿಷಯದಲ್ಲಿ ಸಮಾಜದ ಕೈವಾಡವನ್ನು ಅಷ್ಟು ಸ್ಪಷ್ಟವಾಗಿ ಕಂಡವರು, ಬುದ್ಧಿ ಬಹುಮಟ್ಟಿಗೆ ವಂಶದಿಂದ ಬರುತ್ತದೆಂದು ನಂಬಿ ಸುಜನನವಾದದ ಪರ ನಿಂತರು. ಬಡವರ ಮಗು ಪರೀಕ್ಷೆಯವರೆಗೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು, 1913ರಲ್ಲಿ ಹೆಂಗಸರ ಬಗ್ಗೆ ಕೇಳಿದಷ್ಟು ಗಟ್ಟಿಯಾಗಿ ಕೇಳಲೇ ಇಲ್ಲ.

1939ರ ನವೆಂಬರಿನಲ್ಲಿ, 53ರ ವಯಸ್ಸಿನಲ್ಲಿ, ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು. ಸುಮಾರು ಹತ್ತು ವರ್ಷ ಆ ರೋಗವನ್ನು ಯಾರಿಗೂ ಹೇಳದೆ ಪಾಠ ಮಾಡಿದ್ದರು. 180ಕ್ಕಿಂತ ಹೆಚ್ಚು ಸೂಚ್ಯಂಕದ ಹನ್ನೆರಡು ಮಕ್ಕಳ ಕುರಿತ ಪುಸ್ತಕ ಅರ್ಧಕ್ಕೇ ನಿಂತಿತ್ತು. ಹ್ಯಾರಿ ಅದನ್ನು ಪೂರ್ತಿ ಮಾಡಿ 1942ರಲ್ಲಿ ಪ್ರಕಟಿಸಿದರು. 1916ರಲ್ಲಿ ತರಗತಿಗೆ ಬಂದಿದ್ದ ಆ ಹುಡುಗನೂ ಅದರಲ್ಲಿದ್ದಾನೆ, ಒಂದೇ ಅಕ್ಷರದ ಹೆಸರಿನಲ್ಲಿ.