ತಜ್ಞವೈದ್ಯ ತರಬೇತಿ ನಿರ್ದೇಶಕರ ವೃತ್ತಿ ವಿಕಸನ (ಕೆನಡ)

ತಜ್ಞವೈದ್ಯ ತರಬೇತಿಯ ಮುಖ್ಯಸ್ಥರಿಗೆ ಬೋಧನೆ, ಮೌಲ್ಯಮಾಪನ ಹಾಗೂ ಆಡಳಿತದಲ್ಲಿ ನೀಡುವ ನಿರಂತರ ಶಿಕ್ಷಣ. ಕೆನಡದಲ್ಲಿ ಇವರನ್ನು ಪ್ರೋಗ್ರಾಮ್ ಡೈರೆಕ್ಟರ್ ಎನ್ನುತ್ತಾರೆ. ತರಬೇತಿಯ ಮಾನದಂಡಗಳನ್ನು ನಿಗದಿಪಡಿಸುವ ಹೊಣೆ 1929ರಲ್ಲಿ ಸ್ಥಾಪನೆಯಾದ, ಒಟ್ಟಾವಾದಲ್ಲಿರುವ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಅಂಡ್ ಸರ್ಜನ್ಸ್ ಆಫ್ ಕೆನಡ ಸಂಸ್ಥೆಯದು.

ಹಿನ್ನೆಲೆ: ಸಂಸ್ಥೆಯ ಕ್ಯಾನ್‌ಮೆಡ್ಸ್ ಚೌಕಟ್ಟು (1996) ವೈದ್ಯರ ಏಳು ಪಾತ್ರಗಳನ್ನು ಗುರುತಿಸಿತು, 2015ರ ಪರಿಷ್ಕರಣೆಯಲ್ಲಿ ‘ವ್ಯವಸ್ಥಾಪಕ’ ಪಾತ್ರ ‘ನಾಯಕ’ ಎಂದಾಯಿತು. 2017ರಲ್ಲಿ ಅರಿವಳಿಕೆ ಮತ್ತು ಕಿವಿ-ಮೂಗು-ಗಂಟಲು ವಿಭಾಗಗಳಿಂದ ಆರಂಭವಾದ ‘ಕಾಂಪಿಟೆನ್ಸ್ ಬೈ ಡಿಸೈನ್’ ಪದ್ಧತಿ, ತರಬೇತಿಯಲ್ಲಿ ಕಳೆದ ಅವಧಿಗಿಂತ ಗಳಿಸಿದ ಸಾಮರ್ಥ್ಯಕ್ಕೆ ಹೆಚ್ಚು ತೂಕ ಕೊಟ್ಟಿತು. ಇದರಿಂದ ನಿರ್ದೇಶಕರ ಕೆಲಸದ ಸ್ವರೂಪವೇ ಬದಲಾಯಿತು.

ಸ್ವರೂಪ: ಈ ಪದ್ಧತಿಯಲ್ಲಿ, ಉದಾಹರಣೆಗೆ, ಶ್ವಾಸನಾಳಕ್ಕೆ ಟ್ಯೂಬ್ ಇಳಿಸುವ ಕಿರಿಯ ವೈದ್ಯರನ್ನು ಹಿರಿಯರು ಪಕ್ಕದಲ್ಲೇ ನಿಂತು ಗಮನಿಸಿ, ಕೈ ಎಲ್ಲಿ ತಡವರಿಸಿತು, ಮುಂದಿನ ಸಲ ಏನನ್ನು ತಿದ್ದಿಕೊಳ್ಳಬೇಕು ಎಂದು ಆಗಿಂದಾಗಲೇ ತಿಳಿಸಿ ದಾಖಲಿಸಬೇಕು. ಇಂಥ ಹಲವು ದಾಖಲೆಗಳನ್ನು ಒಟ್ಟಾಗಿ ನೋಡಿ ಸಾಮರ್ಥ್ಯ ಸಮಿತಿಯು ಮುಂದಿನ ಹಂತವನ್ನು ಶಿಫಾರಸು ಮಾಡುತ್ತದೆ. ಹೀಗೆ ಗಮನಿಸುವುದನ್ನು ಸಹೋದ್ಯೋಗಿಗಳಿಗೆ ಕಲಿಸುವುದು, ಸಮಿತಿಯನ್ನು ನಡೆಸುವುದು, ಹಿಂದೆ ಬಿದ್ದವರಿಗೆ ನೆರವಿನ ಯೋಜನೆ ರೂಪಿಸುವುದು, ಮಾನ್ಯತೆಯ ತಪಾಸಣೆಗೆ ಸಿದ್ಧವಾಗುವುದು, ಕಿರಿಯರ ದಣಿವು ಮತ್ತು ದೂರುಗಳಿಗೆ ಸ್ಪಂದಿಸುವುದು ನಿರ್ದೇಶಕರು ಕಲಿಯಬೇಕಾದ ಮುಖ್ಯ ವಿಷಯಗಳು. ಕಾರ್ಯಾಗಾರ, ಸಮ್ಮೇಳನ ಹಾಗೂ ಅನುಭವಿಗಳ ಮಾರ್ಗದರ್ಶನ ಇದರ ಸಾಧನಗಳು.

ಮಹತ್ವ: ಚಿಕಿತ್ಸೆಯಲ್ಲಿ ನುರಿತವರೆಲ್ಲ ಕಲಿಸುವುದರಲ್ಲೂ ನುರಿತಿರುತ್ತಾರೆಂದಿಲ್ಲ. ತರಬೇತಿ ಕುಂದಿದರೆ ಅದರ ಬೆಲೆ ತೆರುವವರು ರೋಗಿಗಳು. ಆದ್ದರಿಂದ ಈ ಶಿಕ್ಷಣಕ್ಕೆ ಮೀಸಲು ಸಮಯ ಮತ್ತು ಸಂಸ್ಥೆಯ ಬೆಂಬಲ ಅತ್ಯಗತ್ಯ.